ಬೆಳ್ಳಿ ತೂಕಕ್ಕೆ ಹಾಕುವ ಮುಂಚೆ ಬಿಲ್ಲೆಯ ಅಂಚು ನೋಡಿ

ಮಾನ್ಯ ಸಂಪಾದಕರೇ,

ಬೆಳ್ಳಿ ರೇಟು ಏರಿದಾಗಲೆಲ್ಲ ನನಗೆ ಒಂಥರಾ ಸಂಕಟ ಶುರುವಾಗುತ್ತದೆ. ಕೊಳ್ಳಲಾಗುವುದಿಲ್ಲ ಅಂತಲ್ಲ. ರೇಟು ಏರಿತು ಅಂದರೆ ಮನೆಮನೆಯ ಟ್ರಂಕು, ಬೀರು, ದೇವರಮನೆಯ ಡಬ್ಬಿಗಳೆಲ್ಲ ಬಾಯಿ ತೆರೆಯುತ್ತವೆ. ಮುರಿದ ಕಾಲ್ಗೆಜ್ಜೆ, ಸವೆದ ಕಾಲುಂಗುರ, ಸೊಟ್ಟಗಾದ ಕುಂಕುಮದ ಬಟ್ಟಲು ಎಲ್ಲ ಒಂದು ಕರ್ಚೀಫಿನ ಗಂಟಾಗಿ ಅಂಗಡಿಗೆ ಹೋಗುತ್ತವೆ. ಆ ಗಂಟಿನೊಳಗೆ ಎಷ್ಟೋ ಸಲ ರಾಜನ ತಲೆ ಇರುವ ಒಂದು ದಪ್ಪ ಬಿಲ್ಲೆಯೂ ಇರುತ್ತದೆ. ಈ ಪತ್ರ ಆ ಬಿಲ್ಲೆಯ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸ ಓದಿದವನಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಹಳೇ ಮಿಲಿಟರಿ ಪದಕ, ಟೋಪಿಯ ಬ್ಯಾಡ್ಜು, ಕೋಟಿನ ಗುಂಡಿ, ನೀರಿನ ಬಾಟಲಿ ಇಂಥವನ್ನೆಲ್ಲ ಕೂಡಿಡುವ ಹುಚ್ಚು 27 ವರ್ಷದಿಂದ ಇದೆ. ಬೆಂಗಳೂರಿಗೆ ಯಾರದೇ ಮದುವೆಗೆ ಹೋದರೂ ಭಾನುವಾರ ಬೆಳಿಗ್ಗೆ ತಿಂಡಿಗೂ ಕಾಯದೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಓಡುತ್ತೇನೆ. ಮನೆಯಲ್ಲಿ ಇದಕ್ಕೆ "ಗುಜರಿ ಕಾಯಿಲೆ" ಅಂತ ಹೆಸರು.

ಹೋದ ತಿಂಗಳು ಮೈಸೂರಿನ ಅಶೋಕ ರಸ್ತೆಯ ಒಂದು ಬೆಳ್ಳಿ ಅಂಗಡಿಯಲ್ಲಿ ಮೊಮ್ಮಗಳ ಗೆಜ್ಜೆಗೆ ಕೊಂಡಿ ಹಾಕಿಸಲು ಕೂತಿದ್ದೆ. ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹುಡುಗ ಗಂಟು ಬಿಚ್ಚಿದ. ಬಟ್ಟಲುಗಳ ನಡುವೆ ಕಪ್ಪಗಾಗಿದ್ದ ಬಿಲ್ಲೆ ಕಂಡಿತು. ನನಗೆ ಅದು ಬೀದಿಯ ಆ ಕಡೆಯಿಂದಲೂ ಗೊತ್ತಾಗುತ್ತದೆ. ಒಂದು ಕಡೆ ಐದನೇ ಜಾರ್ಜ್‌ನ ತಲೆ, ಇನ್ನೊಂದು ಕಡೆ ಮೈಮೇಲೆ ಬಟ್ಟೆಯಿಲ್ಲದ ಕುದುರೆ ಸವಾರ, ಜೊತೆಗೆ 1914, 1918. ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಅಪ್ಪಟ ಬೆಳ್ಳಿ ಅನ್ನುವಷ್ಟು ಬೆಳ್ಳಿ, 92.5 ಪರ್ಸೆಂಟ್, ತೂಕ ಹೆಚ್ಚುಕಡಿಮೆ 30 ಗ್ರಾಂ. ಅಂಗಡಿಯವರು ಅದನ್ನೂ ಬಟ್ಟಲಿನ ಜೊತೆಗೇ ತಕ್ಕಡಿಗೆ ಹಾಕಿದರು.

"ಒಂದು ನಿಮಿಷ ಕೊಡ್ತೀರಾ?" ಅಂದೆ. ಜೇಬಿನಲ್ಲಿ ಯಾವಾಗಲೂ ಇರುವ ಭೂತಗನ್ನಡಿ ತೆಗೆದು ಬಿಲ್ಲೆಯ ಅಂಚು ನೋಡಿದೆ. ಬಿಲ್ಲೆಯ ಮುಖ ಅಲ್ಲ, ದಪ್ಪದ ಅಂಚು, ನಾಣ್ಯಕ್ಕೆ ಗೆರೆ ಇರುತ್ತದಲ್ಲ ಆ ಜಾಗ. ಅಲ್ಲಿ ಒತ್ತಿದ ಅಕ್ಷರಗಳಿದ್ದವು. ಒಂದು ನಂಬರು, ಆಮೇಲೆ ಸ್ಯಾಪರ್ ಅನ್ನುವುದರ ಗುರುತು, ಆಮೇಲೆ ಒಂದು ಹೆಸರು, ಕೊನೆಗೆ ಕ್ಯು.ವಿ.ಓ. ಎಸ್. ಅಂಡ್ ಎಂ. ಹಾಗಂದರೆ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್, ಇವತ್ತು ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿರುವ ಮದ್ರಾಸ್ ಸ್ಯಾಪರ್ಸ್‌ನ ಹಿಂದಿನ ಹೆಸರು. ಸೇತುವೆ ಕಟ್ಟುವವರು, ಕಂದಕ ತೋಡುವವರು, ಸುರಂಗ ಇಡುವವರು.

ನಾನು ಹೆಸರು ಓದಿ ಹೇಳಿದೆ. ಹುಡುಗ ಸುಮ್ಮನಾದ. "ನಮ್ಮ ಮುತ್ತಾತ ಮಿಲ್ಟ್ರೀಲಿ ಇದ್ರಂತೆ ಅಂತ ಅಷ್ಟೇ ಗೊತ್ತು ಸಾರ್. ಹೆಸರೇ ಗೊತ್ತಿರಲಿಲ್ಲ" ಅಂದ. ಆಮೇಲೆ, "ಇನ್ನೊಂದ್ಸಲ ಹೇಳಿ" ಅಂತ ಮೊಬೈಲಿನಲ್ಲಿ ಬರೆದುಕೊಂಡ. ಬಟ್ಟಲು ಮಾರಿದ, ಬಿಲ್ಲೆಯನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋದ. ನನಗೆ ಕೊಡುತ್ತೀಯಾ ಅಂತ ಕೇಳೋ ಆಸೆ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಬಾಯಿ ಬರಲಿಲ್ಲ.

ಎಲ್ಲ ಸಲ ಹೀಗೆ ಆಗುವುದಿಲ್ಲ. 2011ರಲ್ಲಿ ಬೆಳ್ಳಿ ಒಮ್ಮೆ ಸರ್ರನೆ ಏರಿತ್ತು, ನೆನಪಿರಬಹುದು. ಆಗ ಇನ್ನೊಂದು ಊರಿನ ಒಂದು ಅಂಗಡಿಯಲ್ಲಿ ಮೂಸೆಗೆ ಹಾಕಲು ಇಟ್ಟಿದ್ದ ತಟ್ಟೆಯಲ್ಲಿ ಇದೇ ಮೆಡಲ್ಲಿನ ಅರ್ಧ ತುಂಡು ಸಿಕ್ಕಿತು. ಬೆಳ್ಳಿ ಒಳಗೂ ಬೆಳ್ಳಿಯೇ ಅಂತ ನೋಡಲು ಕತ್ತರಿಸಿದ್ದರು. ಇನ್ನರ್ಧ ಆಗಲೇ ಕರಗಿತ್ತು. ಉಳಿದ ತುಂಡಿನ ಅಂಚಿನಲ್ಲಿ ನಂಬರಿಲ್ಲ, ಪಲ್ಟನ್ ಇಲ್ಲ, ಹೆಸರಿನ ಬಾಲ ಮಾತ್ರ ಇತ್ತು. ನಾಲ್ಕು ಇಂಗ್ಲಿಷ್ ಅಕ್ಷರ, ಓದಿದರೆ "ಅಪ್ಪ". ತಿಮ್ಮಪ್ಪನೋ, ಮುನಿಯಪ್ಪನೋ, ವೆಂಕಟಪ್ಪನೋ. ಯಾರದೋ ಅಪ್ಪ. ತೂಕದ ದುಡ್ಡು ಕೊಟ್ಟು ತಂದೆ. ನನ್ನ ಪೆಟ್ಟಿಗೆಯಲ್ಲಿರುವ 41 ಪದಕಗಳಲ್ಲಿ ಮಾರುಕಟ್ಟೆಯಲ್ಲಿ ಕವಡೆ ಕಿಮ್ಮತ್ತೂ ಇಲ್ಲದ್ದು ಅದೊಂದೇ. ಯಾರು ಕೇಳಿದರೂ ಕೊಡದೇ ಇರುವುದೂ ಅದೊಂದೇ.

ಈ ಬೆಳ್ಳಿ ಮೆಡಲ್ ಅಪರೂಪದ್ದೇನಲ್ಲ. ಸುಮಾರು 65 ಲಕ್ಷ ಅಚ್ಚು ಹಾಕಿದ್ದರು. ಇಂಗ್ಲೆಂಡಿನವರೂ ಕರಗಿಸಿದ್ದಾರೆ, 1980ರಲ್ಲಿ ಬೆಳ್ಳಿ ಬೆಲೆ ಹುಚ್ಚಾಪಟ್ಟೆ ಏರಿದಾಗ ಅಲ್ಲೂ ರಾಶಿಗಟ್ಟಲೆ ಮೂಸೆಗೆ ಹೋದವು. ಆದರೆ ಅವರಿಗೆ ಹೆಸರು ಹುಡುಕಲು ದಫ್ತರಗಳಿವೆ. ಪಂಜಾಬಿನವರಿಗೂ ಈಗ ಒಂದು ದಾರಿ ಆಗಿದೆ. ಲಾಹೋರ್ ಮ್ಯೂಸಿಯಂನಲ್ಲಿ ಧೂಳು ತಿನ್ನುತ್ತಿದ್ದ ಹಳೇ ರಿಜಿಸ್ಟರುಗಳಲ್ಲಿ ಊರೂರಿನಿಂದ ಯುದ್ಧಕ್ಕೆ ಹೋದ ಸುಮಾರು 3,20,000 ಪಂಜಾಬಿಗಳ ವಿವರ ಇತ್ತು, ಅದನ್ನು ಈಗ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ನಮ್ಮ ಕೋಲಾರದ, ಹಾಸನದ, ಧಾರವಾಡದ ಸಿಪಾಯಿಯನ್ನು ಎಲ್ಲಿ ಹುಡುಕೋಣ? ಸತ್ತವನಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಸಿಗಬಹುದು. ಬದುಕಿ ಬಂದು, ಹೊಲ ಉತ್ತು, ಹಾಸಿಗೆಯಲ್ಲಿ ಸತ್ತವನ ಗುರುತು ಎಷ್ಟೋ ಮನೆಗಳಲ್ಲಿ ಆ ಅಂಚಿನ ಒಂದೂವರೆ ಸಾಲು ಮಾತ್ರ. 13 ಲಕ್ಷ ಭಾರತೀಯರು ಆ ಯುದ್ಧದಲ್ಲಿ ದುಡಿದರು, 74,000ದಷ್ಟು ಜನ ಸತ್ತರು ಅಂತ ಪುಸ್ತಕಗಳಲ್ಲಿ ಇದೆ. ನಮ್ಮ ಓಣಿಯವರು ಯಾರು ಹೋದರು ಅನ್ನೋದು ಪುಸ್ತಕದಲ್ಲಿ ಇರಲ್ಲ.

ಒಂದು ತಮಾಷೆ ಹೇಳುತ್ತೇನೆ. ಇದೇ ಮೆಡಲ್ಲನ್ನು ಕಂಚಿನಲ್ಲೂ ಮಾಡಿದ್ದರು, 1,10,000ದಷ್ಟು. ಯಾರಿಗೆ ಗೊತ್ತಾ? ಕೂಲಿ ಪಡೆಯವರಿಗೆ. ಭಾರತದ, ಚೀನಾದ, ಮಾಲ್ಟಾದ ಮೂಟೆ ಹೊತ್ತವರಿಗೆ, ರಸ್ತೆ ಮಾಡಿದವರಿಗೆ. ಅವರಿಗೆ ಬೆಳ್ಳಿ ಯಾಕೆ ಅಂತ ಸರ್ಕಾರದ ಲೆಕ್ಕಾಚಾರ. ಈಗ ಬೆಳ್ಳಿಯದು ಸಾಧಾರಣ, ಕಂಚಿನದಕ್ಕೆ ಸಂಗ್ರಾಹಕರು ಹೆಚ್ಚು ಕೊಟ್ಟು ಮುಗಿಬೀಳುತ್ತಾರೆ. ಗೊತ್ತಿಲ್ಲದವರು ಅದನ್ನು ತಾಮ್ರದ ಚೂರು ಅಂತ ಗುಜರಿಗೆ ಎಸೆಯುತ್ತಾರೆ. ಬೆಳ್ಳಿ ಮೆಡಲ್ಲಿನ ಜೊತೆ ಸಾಮಾನ್ಯವಾಗಿ ಒಂದು ಕಂಚಿನ ವಿಕ್ಟರಿ ಮೆಡಲ್ ಇರುತ್ತದೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನು, ಹಿಂದುಗಡೆ "ನಾಗರಿಕತೆಗಾಗಿ ನಡೆದ ಮಹಾಯುದ್ಧ" ಅಂತ ಇಂಗ್ಲಿಷಿನಲ್ಲಿ ಬರಹ. ಮೆಸಪೊಟೇಮಿಯಾದ, ಅಂದರೆ ಈಗಿನ ಇರಾಕಿನ, ಬಿಸಿಲಿನಲ್ಲಿ ನೀರಿಲ್ಲದೆ ಒದ್ದಾಡಿದ ಸಿಪಾಯಿಗೆ ಆ ಬರಹ ಓದಲು ಬರುತ್ತಿರಲಿಲ್ಲ, ಒಳ್ಳೇದೇ ಆಯ್ತು.

ಎರಡನೇ ಮಹಾಯುದ್ಧದ ಪದಕಗಳ ಕತೆ ಇನ್ನೂ ಕಷ್ಟ. ಅವು ಬೆಳ್ಳಿಯಲ್ಲ. ಆರು ಮೂಲೆಯ ಹಳದಿ ನಕ್ಷತ್ರಗಳು, ಬರ್ಮಾ ಸ್ಟಾರ್, ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್. ಹಿತ್ತಾಳೆ ಥರ ಕಾಣುತ್ತವೆ, ಅಂಗಡಿಯವರು "ಇದು ಬೇಡ" ಅಂತ ವಾಪಸ್ ಕೊಡುತ್ತಾರೆ, ಮಕ್ಕಳ ಆಟಕ್ಕೆ ಹೋಗುತ್ತವೆ. ಹಾಗೆ ಎಸೆಯುವ ಮುಂಚೆ ತಿರುಗಿಸಿ ನೋಡಿ. ಬ್ರಿಟಿಷರು ತಮ್ಮ ಸೈನಿಕರಿಗೆ ಈ ನಕ್ಷತ್ರಗಳನ್ನು ಹೆಸರು ಹಾಕದೆ ಬೋಳಾಗಿ ಹಂಚಿದರು. ಭಾರತ, ದಕ್ಷಿಣ ಆಫ್ರಿಕಾ ಮತ್ತು ಆಸ್ಟ್ರೇಲಿಯಾದವರಿಗೆ ಮಾತ್ರ ಹಿಂಬದಿಯಲ್ಲಿ ಹೆಸರು ಒತ್ತಿ ಕೊಟ್ಟರು. ಹಾಗಾಗಿ ಇಂಗ್ಲೆಂಡಿನ ಬರ್ಮಾ ಸ್ಟಾರ್ ಯಾರದೂ ಆಗಿರಬಹುದು, ನಿಮ್ಮ ಅಟ್ಟದ ಮೇಲಿನದು ನಿಮ್ಮ ಅಜ್ಜನದೇ. ಇದು ನಮಗೆ ಸಿಕ್ಕ ಅಪರೂಪದ ಅನುಕೂಲ, ಅಲ್ವಾ?

ಹೆಸರಿದ್ದರೆ ಏನಾಗುತ್ತೆ ಅನ್ನುವುದಕ್ಕೆ ನಮ್ಮ ಗೌರಿಬಿದನೂರಿನ ಹತ್ತಿರದ ತೊಂಡೇಭಾವಿಗೆ ಸೇರಿದ ಒಂದು ಪ್ರಸಂಗ ಇದೆ. ಅಲ್ಲಿ ಯುದ್ಧಕಾಲದಲ್ಲಿ ಸೈನ್ಯದ ತರಬೇತಿ ನಡೆಯುತ್ತಿತ್ತು. 1945ರ ಸೆಪ್ಟೆಂಬರ್ 12, ಜಪಾನ್ ಶರಣಾಗತಿಗೆ ಸಹಿ ಹಾಕಿ ಹತ್ತೇ ದಿನ. ಅಭ್ಯಾಸದ ವೇಳೆ ಹಾರಿಸಿದ ಗ್ರೆನೇಡ್ ದೂರ ಹೋಗದೆ ತನ್ನ ತುಕಡಿಯ ಮುಂದೆಯೇ ಬಿತ್ತು ಅಂತ ನಾಯಕ್ ಕಿರ್ಪಾ ರಾಮ್ ಓಡಿ ಹೋಗಿ ಅದನ್ನು ಎತ್ತಿಕೊಂಡರು. ಎಸೆಯುವಷ್ಟರಲ್ಲಿ ಕೈಯಲ್ಲೇ ಸಿಡಿಯಿತು. ಉಳಿದವರು ಬದುಕಿದರು. ಹಿಮಾಚಲದ ಆ ಸೈನಿಕನಿಗೆ ಮರಣಾನಂತರ ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು, ಅದೂ ಬೆಳ್ಳಿಯದೇ. 2002ರಲ್ಲಿ ಆ ಪದಕ ಅವರ ಪತ್ನಿಯ ಮನೆಯಿಂದ ಕಳುವಾಯಿತು. 2009ರಲ್ಲಿ ಲಂಡನ್ನಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿತು. ಹಿಂಬದಿಯಲ್ಲಿ ಹೆಸರು ಇತ್ತಲ್ಲ, ಅದಕ್ಕೇ ಸಿಕ್ಕಿಬಿತ್ತು. ಹರಾಜು ನಿಂತಿತು, ಪದಕ ತಿರುಗಿ ಬರಲು ವರ್ಷಗಳೇ ಹಿಡಿದವು. ತೊಂಡೇಭಾವಿ ಅಂದರೆ ಈಗ ಸಿಮೆಂಟ್ ಕಾರ್ಖಾನೆ ಅಂತಷ್ಟೇ ನಾವು ಹೇಳುತ್ತೇವೆ.

ಪದಕ ಮಾತ್ರ ಅಲ್ಲ. ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಿನಲ್ಲಿ ಬಾವಿಯೊಳಗೆ ಸಿಕ್ಕ ರಾಕೆಟ್‌ಗಳನ್ನು ನೆನಪಿಸಿಕೊಳ್ಳಿ. ಮೊದಲು 2002ರಲ್ಲಿ 160ರಷ್ಟು ತುಕ್ಕು ಹಿಡಿದ ಕಬ್ಬಿಣದ ಕೊಳವೆ ಸಿಕ್ಕವು, ಅವು ಟಿಪ್ಪು ಕಾಲದ ಮೈಸೂರು ರಾಕೆಟ್ ಅಂತ ಗೊತ್ತಾಗಲೇ ಹಲವು ವರ್ಷ ಬೇಕಾಯಿತು. 2018ರಲ್ಲಿ ಅದೇ ಬಾವಿ ಕೆದಕಿದಾಗ ಸಾವಿರಕ್ಕೂ ಜಾಸ್ತಿ ಬಂದವು. ಆ ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಮೊದಲ ದಿನವೇ ಗುಜರಿ ಗಾಡಿಯವನು ಆ ದಾರಿಯಲ್ಲಿ ಬಂದಿದ್ದರೆ ಕೇಜಿ ಲೆಕ್ಕದಲ್ಲಿ ಹೋಗಿ ಇಷ್ಟೊತ್ತಿಗೆ ಯಾವುದೋ ಮನೆಯ ಗೇಟಾಗಿರುತ್ತಿದ್ದವು.

ನಮ್ಮ ಪಕ್ಕದ ಶ್ರೀರಂಗಪಟ್ಟಣದ ಹೆಸರಲ್ಲೇ ಒಂದು ಪದಕ ಇದೆ, ಎಷ್ಟೋ ಮೈಸೂರಿಗರಿಗೇ ಗೊತ್ತಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತಲ್ಲ, ಅದಕ್ಕೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿ 1808ರಲ್ಲಿ ಹಂಚಿದ್ದು. ಅದರ ಮೇಲೆ ಸಿಂಹವೊಂದು ಹುಲಿಯನ್ನು ಕೆಡವಿಕೊಂಡಿದೆ. ಸಿಂಹ ಯಾರು, ಹುಲಿ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಅಧಿಕಾರಿಗಳಿಗೆ ಚಿನ್ನ, ಸಿಪಾಯಿಗಳಿಗೆ ತವರ. ಕೋಟೆ ಹತ್ತಿ ಗುಂಡು ತಿಂದವರಿಗೆ ತವರ. ಇದರಲ್ಲಿ ಹೆಸರೂ ಇಲ್ಲ, ಹಾಗಾಗಿ ನನ್ನ ಮಟ್ಟಿಗೆ ಇದು ಅಂದದ ವಸ್ತು ಅಷ್ಟೇ. ಟಿಪ್ಪುವಿನ ಖಡ್ಗ 2023ರಲ್ಲಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡ್‌ಗೆ ಹೋಯಿತು ಅಂದಾಗ ಎಲ್ಲರೂ ನನಗೆ ಫೋನ್ ಮಾಡಿ "ನಿಮ್ಮ ಹತ್ರ ಏನಿದೆ ಸಾರ್" ಅಂತ ಕೇಳಿದರು. ಅರ್ಧ ಬಿಲ್ಲೆ ಇದೆ ಅಂದೆ.

ಕೊಡಗಿನವರಿಗೆ ಈ ಪಾಠ ಬೇಕಿಲ್ಲ. ಅಲ್ಲಿ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಅಜ್ಜಂದಿರ ಫೋಟೋ, ಪದಕ, ಒಡಿಕತ್ತಿ ಎಲ್ಲ ಗೋಡೆಯ ಮೇಲೆ ಇರುತ್ತವೆ, ಆಯುಧದ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಏರಿಸುತ್ತಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಿಂದ ಮ್ಯೂಸಿಯಂ ಆಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಬಯಲುಸೀಮೆಯ ನಮಗೇ ಮರೆವು ಜಾಸ್ತಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ಗುಡ್ಡದ ಮೇಲಿನ ಫಿರಂಗಿಗಳ ಕಡೆ ನುಗ್ಗಿದರು ಅಂತ ಭಾಷಣದಲ್ಲಿ ಹೇಳುತ್ತೇವೆ, ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಮೂರ್ತಿ ನಮ್ಮದು ಅಂತಲೂ ಹೇಳುತ್ತೇವೆ. ಆ ಕುದುರೆ ಮೇಲಿದ್ದವರ ಮನೆ ಯಾವುದು ಅಂದರೆ ತಲೆ ಕೆರೆಯುತ್ತೇವೆ.

ಇನ್ನು ನಮ್ಮಂಥ ಸಂಗ್ರಾಹಕರ ತಪ್ಪು. ಒಬ್ಬನ ಮೂರು ಪದಕ ಒಟ್ಟಿಗೆ ಸಿಕ್ಕರೆ ಚೆನ್ನಾಗಿರುವುದನ್ನು ಇಟ್ಟುಕೊಂಡು ಉಳಿದೆರಡನ್ನು ಬೇರೆಯವರಿಗೆ ಮಾರುವುದು ನಮ್ಮಲ್ಲಿ ಮಾಮೂಲು. ನಾನೂ ಮಾಡಿದ್ದೇನೆ. ಒಬ್ಬ ಮನುಷ್ಯನನ್ನು ಮೂರು ಊರಿಗೆ ಹಂಚಿದ ಹಾಗೆ ಅದು, ಆಮೇಲೆ ಕೂಡಿಸುವುದು ಆಗದ ಮಾತು. ಯಾವ ಊರಿಂದ ಬಂತು ಅಂತ ಮಾರುವವರನ್ನು ಕೇಳಿ ಬರೆದಿಡುವ ಬುದ್ಧಿ ನನಗೆ ಬಂದಿದ್ದು ಹತ್ತು ವರ್ಷ ಆದಮೇಲೆ. ಇನ್ನು ಅಂಚನ್ನು ಅರದಿಂದ ಉಜ್ಜಿ ಹೆಸರು ಅಳಿಸಿ ಮಾರುವ ಮಹಾನುಭಾವರೂ ಇದ್ದಾರೆ, ಕದ್ದ ಮಾಲು ಅಂತ ಗೊತ್ತಾಗಬಾರದಲ್ಲ. ಅಂಚು ಒಂದು ಕಡೆ ತೆಳುವಾಗಿದ್ದರೆ ಮುಟ್ಟಬೇಡಿ. ನಕಲಿಯ ಬಗ್ಗೆ ಹೇಳಹೊರಟರೆ ಪತ್ರಿಕೆಯ ಪುಟ ಸಾಲದು. "ರಾಯಲ್ ನೇವಿ 1915" ಅಂತ ಕೆತ್ತಿದ ಹಿತ್ತಾಳೆ ದಿಕ್ಸೂಚಿಯನ್ನು ಎರಡು ತಿಂಗಳ ಹಾಲಿನ ದುಡ್ಡು ಕೊಟ್ಟು ತಂದಿದ್ದೆ. ಮೊರಾದಾಬಾದ್, ರೂರ್ಕಿ ಕಡೆ ಅಂಥದ್ದು ಡಜನ್ ಲೆಕ್ಕದಲ್ಲಿ ತಯಾರಾಗುತ್ತದೆ ಅಂತ ಆಮೇಲೆ ಗೊತ್ತಾಯ್ತು. ಮೊಮ್ಮಗಳು ಅದರಲ್ಲಿ ಬಳಪ ಇಟ್ಟುಕೊಳ್ಳುತ್ತಾಳೆ.

ಮನೆಯಲ್ಲಿ ಇರುವವರಿಗೆ ಒಂದೆರಡು ಮಾತು. ದಯವಿಟ್ಟು ಉಜ್ಜಬೇಡಿ. ಪ್ರತಿ ಆಯುಧಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಜಾರ್ಜ್ ರಾಜನ ಮೂಗೇ ಹೋಗಿರುವ ಮೆಡಲ್ ನೋಡಿದ್ದೇನೆ. ಕುಂಕುಮ ಇಡಿ, ಬೇಡ ಅನ್ನಲ್ಲ, ತಿಕ್ಕುವುದು ಬೇಡ. ಹರಿದ ರಿಬ್ಬನ್ನು ಎಸೆಯಬೇಡಿ. ಡಿಸ್ಚಾರ್ಜ್ ಸರ್ಟಿಫಿಕೇಟು, ಪೆನ್ಷನ್ ಪುಸ್ತಕ, ಇಂಗ್ಲಿಷಿನ ಹಳದಿ ಕಾಗದ ಯಾವುದೇ ಇದ್ದರೂ ಪದಕದ ಜೊತೆಗೇ ಇಡಿ, ಕಾಗದ ಇಲ್ಲದ ಪದಕಕ್ಕೆ ಅರ್ಧ ಬಾಯಿ ಇಲ್ಲ. ಅಟ್ಟದಲ್ಲಿ ಹಳೇ ಕೋವಿ ಸಿಕ್ಕಿದರೆ ಹೇಗೂ ಗುಂಡು ಹಾರಿಸಲಾಗದ, ರಿಪೇರಿಯೂ ಆಗದ ಪುರಾತನ ಕೋವಿಗೆ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಅದು ಅಂಥದ್ದೇ ಹೌದೋ ಅಲ್ಲವೋ ಅಂತ ನೀವೇ ತೀರ್ಮಾನ ಮಾಡಬೇಡಿ, ಠಾಣೆಗೆ ತಿಳಿಸಿ. ಗ್ರೆನೇಡು, ಶೆಲ್ಲು ಥರದ್ದು ಕಂಡರೆ ಕೈ ಹಾಕದೆ ದೂರ ನಿಂತು 112ಕ್ಕೆ ಫೋನ್ ಮಾಡಿ, ಹಿತ್ತಾಳೆಯ ಆಸೆಗೆ ಹೊಡೆದು ಬಿಚ್ಚಲು ಹೋಗಿ ಸತ್ತವರಿದ್ದಾರೆ. ವಿದೇಶದವರು ಫೋನಿನಲ್ಲಿ ಒಳ್ಳೇ ಬೆಲೆ ಹೇಳಿದರು ಅಂತ ಕೊರಿಯರ್ ಮಾಡಲೂ ಹೋಗಬೇಡಿ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುಗಳನ್ನು ನಾವು ನೀವು ದೇಶದ ಆಚೆ ಕಳಿಸುವಂತಿಲ್ಲ, 1972ರ ಕಾಯ್ದೆ ಇದೆ. ಮೊದಲನೇ ಯುದ್ಧದ ಪದಕಗಳು ಈಗ ಒಂದೊಂದಾಗಿ ಆ ನೂರು ದಾಟುತ್ತಿವೆ.

ಸರ್ಕಾರಕ್ಕೆ ಕೊಡಬಾರದೇ ಅಂತ ಕೇಳುತ್ತೀರಿ. ಒಮ್ಮೆ ಮೂರು ಪದಕ ಜೇಬಲ್ಲಿಟ್ಟುಕೊಂಡು ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ, ಹೆಸರು ಬೇಡ. ಅಲ್ಲಿದ್ದವರು ತುಂಬಾ ಮರ್ಯಾದಸ್ಥರು, ಕಾಫಿ ಕೊಟ್ಟರು. ಆದರೆ ಇದನ್ನು ಆಯುಧದ ಕಾಲಮ್ಮಿಗೆ ಹಾಕಬೇಕೋ, ನಾಣ್ಯದ ಕಾಲಮ್ಮಿಗೋ, ಆಭರಣದ ಕಾಲಮ್ಮಿಗೋ ಅಂತ ಅವರಿಗೂ ತಿಳಿಯಲಿಲ್ಲ. ಅರ್ಜಿ ಬರೆದು ಕೊಟ್ಟು ಬಂದೆ. ಆರು ವರ್ಷ ಆಯ್ತು. ಪದಕಗಳು ನನ್ನ ಹತ್ತಿರವೇ ಇವೆ.

ಹಾಗಾಗಿ ನಾನು ದೊಡ್ಡದೇನೂ ಕೇಳುತ್ತಿಲ್ಲ. ಬೆಳ್ಳಿ ಅಂಗಡಿಯವರು, ಗಿರವಿ ಅಂಗಡಿಯವರು ಇಂಥ ಬಿಲ್ಲೆ ಬಂದರೆ ಮೂಸೆಗೆ ಹಾಕುವ ಮುಂಚೆ ಅಂಚನ್ನು ತಿರುಗಿಸಿ ಮೊಬೈಲಿನಲ್ಲಿ ಎರಡು ಫೋಟೋ ತೆಗೆದು, ಮಾರಲು ಬಂದವರಿಗೆ ಆ ಹೆಸರು ಓದಿ ಹೇಳಲಿ. ಅಷ್ಟೇ. ಆಮೇಲೂ ಮಾರಿದರೆ ಅದು ಅವರ ಕಷ್ಟ, ಹೊಟ್ಟೆಗಿಂತ ಬಿಲ್ಲೆ ದೊಡ್ಡದಲ್ಲ. ಡಿಸೆಂಬರ್ 7ರ ಧ್ವಜ ದಿನಾಚರಣೆಗೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗಳು ಒಂದು ಟೇಬಲ್ ಹಾಕಿ, ಜನ ತಂದ ಹಳೇ ಪದಕಗಳ ಹೆಸರು, ನಂಬರು, ಊರು ಬರೆದುಕೊಂಡು ಪದಕವನ್ನು ಅವರಿಗೇ ವಾಪಸ್ ಕೊಟ್ಟರೆ ಹತ್ತು ವರ್ಷದಲ್ಲಿ ನಮಗೂ ಒಂದು ಪಟ್ಟಿ ಆಗುತ್ತದೆ. ಓದಲು ಬರದಿದ್ದರೆ ಕರೆಯಲಿ, ಭೂತಗನ್ನಡಿ ತೆಗೆದುಕೊಂಡು ಬರುತ್ತೇನೆ, ಬಸ್ ಚಾರ್ಜೂ ಬೇಡ.

ಕೊನೆಗೆ ಒಂದು. ಮಾಲೂರು ಕಡೆಯ ಒಂದು ಹಳ್ಳಿಯಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗಿದ್ದೆ. ಉಪ್ಪಿನಕಾಯಿ ಜಾಡಿಯ ಮೇಲೆ ದಪ್ಪ ಕಂಚಿನ ತಟ್ಟೆ ಮುಚ್ಚಿತ್ತು. ಅಜ್ಜಿ ಬಡಿಸಲು ಅದನ್ನು ಎತ್ತಿದಾಗ ನೋಡಿದರೆ, ತ್ರಿಶೂಲ ಹಿಡಿದ ಹೆಂಗಸು, ಪಕ್ಕದಲ್ಲಿ ಸಿಂಹ. ಮೊದಲನೇ ಯುದ್ಧದಲ್ಲಿ ಸತ್ತ ಪ್ರತಿಯೊಬ್ಬನ ಮನೆಗೆ ಬ್ರಿಟಿಷ್ ಸರ್ಕಾರ ಕಳಿಸಿದ ಸ್ಮಾರಕ ಫಲಕ ಅದು. ಅದರಲ್ಲಿ ದರ್ಜೆ ಇರಲ್ಲ, ನಂಬರ್ ಇರಲ್ಲ, ಹೆಸರು ಮಾತ್ರ ಉಬ್ಬಿ ನಿಂತಿರುತ್ತದೆ. ಅಜ್ಜಿಯ ಮಾವನ ಅಣ್ಣನ ಹೆಸರು. ಅಜ್ಜಿಗೆ ಅದು ಗೊತ್ತಿತ್ತು! "ಊರಿಗೆ ಬರ್ಲೇ ಇಲ್ಲ ಅವರು, ಬಂದಿದ್ದು ಇದೇ" ಅಂದರು. ಹಾಗಾದರೆ ಜಾಡಿಯ ಮೇಲೆ ಯಾಕಜ್ಜಿ ಅಂತ ಕೇಳಿದೆ. "ದಿನಾ ಕೈಗೆ ಸಿಗ್ಲಿ ಅಂತ" ಅಂದರು. ನನಗೆ ಮಾತು ಹೊರಡಲಿಲ್ಲ. ಹುಳಿ ಉಪ್ಪಿಗೆ ಕಂಚು ಕಿಲುಬು ಹಿಡಿಯುತ್ತೆ, ಹೊಟ್ಟೆಗೂ ಒಳ್ಳೇದಲ್ಲ, ಗೋಡೆಗೆ ಹಾಕಿಕೊಳ್ಳಿ ಅಂತ ಹೇಳಿ ನೋಡಿದೆ. ಅದೇ ಅಳತೆಯ ಬೇರೆ ಮುಚ್ಚಳ ತಂದುಕೊಟ್ಟರೆ ಯೋಚನೆ ಮಾಡ್ತೀನಿ ಅಂದಿದ್ದಾರೆ. ಫಲಕದ ಅಗಲ 120 ಮಿಲಿಮೀಟರು. ಪಾತ್ರೆ ಅಂಗಡಿಯಲ್ಲಿ ಸ್ಟೀಲಿನದು ಸಿಕ್ಕಿದೆ, ಬರುವ ಭಾನುವಾರ ಹೋಗುತ್ತಿದ್ದೇನೆ.

ಇಂತಿ,
ನಿಮ್ಮ ಓದುಗ, ಮೈಸೂರು